ಶ್ರಮದಾನಕ್ಕೆ ನಾವು ಬರುವುದಿಲ್ಲ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಈ ನಾಲ್ಕು ತಾಲ್ಲೂಕಿನ ಯಾವ ಊರಿಗಾದರೂ ಬನ್ನಿ. ನಮ್ಮ ಕೇರಿ ಎಲ್ಲಿದೆ ಅಂತ ಯಾರನ್ನೂ ಕೇಳಬೇಡಿ. ಬಸ್ಸಿಳಿದು ಮೋರಿ ಹಿಡಿದು ಇಳಿಜಾರಿಗೆ ನಡೆಯಿರಿ. ಮೋರಿ ಹೋಗಿ ಹಳ್ಳಕ್ಕೆ ಬೀಳುವ ಜಾಗದಲ್ಲೋ, ಕೆರೆ ಕೋಡಿಯ ಕೆಳಗೋ ಶೀಟಿನ ಮನೆಗಳು ಸಿಗುತ್ತವೆ, ಒಂದು ಅಂಬೇಡ್ಕರ್ ಬೋರ್ಡು ಸಿಗುತ್ತದೆ. ಅದೇ ನಾವು. 2011ರ ಜನಗಣತಿ ಪ್ರಕಾರ ಕೋಲಾರ ಜಿಲ್ಲೆಯಲ್ಲಿ ನೂರಕ್ಕೆ 30 ಜನ ಪರಿಶಿಷ್ಟ ಜಾತಿಯವರು. ಇಷ್ಟು ಜನ ತಗ್ಗು ಹುಡುಕಿಕೊಂಡು ಹೋಗಿ ಮನೆ ಕಟ್ಟಿದ್ದು ತಂಪಿರಲಿ ಅಂತಲ್ಲ. ದಿಬ್ಬ ಊರಿಗೆ, ತಗ್ಗು ಕೇರಿಗೆ. ನಮ್ಮೂರಿನಲ್ಲಿ ಮನುವಿನ ಶಾಸ್ತ್ರ ಓದಿದವರು ಒಬ್ಬರೂ ಇಲ್ಲ. ಆದರೂ ಮೋರಿಯ ಇಳಿಜಾರು ಮಾತ್ರ ಶಾಸ್ತ್ರ ತಪ್ಪಿಲ್ಲ.

2021ರ ನವೆಂಬರಿನಲ್ಲಿ ಮಳೆ ಹಿಡಿಯಿತು. ವರ್ಷಾನುಗಟ್ಟಲೆ ಒಣಗಿ ಜಾಲಿ ಬೆಳೆದಿದ್ದ ಕೆರೆಗಳು ತುಂಬಿ ಕೋಡಿ ಬಿದ್ದವು. ಊರಿನವರು ಬಾಗಿನ ಬಿಟ್ಟರು. ಸಂತೋಷವೇ ಸ್ವಾಮಿ, ನೀರು ಯಾರಿಗೆ ಬೇಡ? ಸಾವಿರ ಅಡಿ ಕೊರೆದರೂ ಧೂಳು ಬರುವ, ನೀರು ಬಂದರೆ ಅದರ ಜೊತೆ ಫ್ಲೋರೈಡೂ ಬರುವ ಸೀಮೆ ಇದು. ಆದರೆ ಕೋಡಿ ಬಿದ್ದ ನೀರಿಗೆ ಹೋಗಲು ದಾರಿ ಬೇಕಲ್ಲ? ನಮ್ಮ ಕೇರಿ ಪಕ್ಕದ ಹಳ್ಳ ಗ್ರಾಮ ನಕ್ಷೆಯಲ್ಲಿದೆ, ನೆಲದ ಮೇಲಿಲ್ಲ. ಎತ್ತಿನ ಗಾಡಿ ಇಳಿದು ಹತ್ತುತ್ತಿದ್ದ ಹಳ್ಳವನ್ನು ಮೂರಡಿ ಸಿಮೆಂಟು ಪೈಪಿಗೆ ತುರುಕಿ, ಮೇಲೆ ಮಣ್ಣು ಹೊಡೆದು, ಸೈಟು ಮಾಡಿ ಮಾರಿದ್ದರು. ಪೈಪು ಕಟ್ಟಿತು. ಮಳೆ ನೀರು, ಮೋರಿ ನೀರು, ಊರಿನ ಕಕ್ಕಸು ಗುಂಡಿಗಳ ನೀರು ಎಲ್ಲಾ ಒಂದಾಗಿ ರಾತ್ರಿ ಹೊತ್ತು ಕೇರಿಗೆ ನುಗ್ಗಿತು. ಜಾತಿ ಕೇಳದೆ ಬೆರೆತದ್ದು ಅವತ್ತು ಅವೇ. ರಾಗಿ ಮೂಟೆ, ಹೊಲಿಗೆ ಮಿಷನ್ನು, ಮಕ್ಕಳ ಪುಸ್ತಕ, ರೇಷನ್ ಕಾರ್ಡು, ಯಾವುದನ್ನೂ ಬಿಡಲಿಲ್ಲ.

ಬೆಳಿಗ್ಗೆ ದೊಡ್ಡವರು ಬಂದರು. ಮೂಗಿಗೆ ಟವಲು ಹಿಡಿದುಕೊಂಡೇ ಹೇಳಿದರು: “ಹುಡುಗರು ಒಂದಿಷ್ಟು ಜನ ಇಳಿದು ಪೈಪು ಬಿಡಿಸಿಬಿಡ್ರಪ್ಪ. ಶ್ರಮದಾನ ಅಂದ್ಕೊಳಿ. ಕಾಫಿ ತಿಂಡಿ ಪಂಚಾಯ್ತಿ ನೋಡ್ಕೊಳ್ತದೆ. ನಿಮ್ಮೋರಿಗಾದ್ರೆ ಈ ಕೆಲ್ಸ ಗೊತ್ತು.”

ಸೊಂಟದವರೆಗೆ ಒದ್ದೆಯಾಗಿ ನಿಂತಿದ್ದ ನಮ್ಮ ಕೇರಿಯ ಅಜ್ಜಿಯೊಬ್ಬಳು ಅಂದಳು: “ಗೊತ್ತು ಸ್ವಾಮಿ. ನಮ್ಮಪ್ಪಂಗೂ ಗೊತ್ತಿತ್ತು, ನನ್ ಗಂಡಂಗೂ ಗೊತ್ತಿತ್ತು. ಅದಕ್ಕೇ ನನ್ ಮಗಂಗೆ ಕಲಿಸ್ನಿಲ್ಲ.”

ನಾವು ಇಳಿಯಲಿಲ್ಲ. ಹಾಗಂತ ಕೈಕಟ್ಟಿಕೊಂಡೂ ಕೂರಲಿಲ್ಲ. ನೆಂದ ರಾಗಿ, ನೆಂದ ಚಾಪೆ, ನೆಂದ ಕಂಬಳಿ ಎಲ್ಲವನ್ನೂ ಹೆಂಗಸರು ತಂದು ಟಾರು ರಸ್ತೆಯ ಮೇಲೆ ಹರವಿ ಕೂತರು. ಓದಿದ ಹುಡುಗರು ತಾಲ್ಲೂಕು ಕಚೇರಿಯಿಂದ ನಕ್ಷೆಯ ನಕಲು ತಂದರು. ಹಳ್ಳದ ಅಗಲ ಎಷ್ಟು, ಸರ್ವೆ ನಂಬರು ಯಾವುದು ಎಂದು ಬಸ್ಸಿನವರಿಗೂ ಓದಿ ಹೇಳಿದರು. ಎರಡನೇ ದಿನ ಸಂಜೆ ಜೆಸಿಬಿ ಬಂತು. ಪೈಪು ಬಿಡಿಸಲಿಕ್ಕಲ್ಲ, ಪೈಪನ್ನೇ ಕೀಳಲಿಕ್ಕೆ. ಕಿತ್ತ ಮೇಲೆ ನೀರು ತನ್ನ ಹಳೆ ದಾರಿ ಮರೆತಿರಲಿಲ್ಲ, ಇಳಿದು ಹೋಯಿತು.

ಆಮೇಲೆ ನಮಗೆ ‘ಸಹಕಾರ ಮನೋಭಾವ ಇಲ್ಲದವರು’ ಎಂಬ ಹೆಸರು ಬಂತು. ಊರಿಗಾಗಿ ಒಂದು ದಿನ ಗುದ್ದಲಿ ಹಿಡಿಯದವರು ಅಂದರು. ಮೇಷ್ಟರೇ, ವಿದ್ಯಾರ್ಥಿ ಮಿತ್ರರೇ, ಎನ್ಎಸ್ಎಸ್ ಕ್ಯಾಂಪಿನಲ್ಲಿ ಶ್ರಮದಾನದ ಹಾಡು ಹೇಳಿಸುವವರೇ, ಸ್ವಲ್ಪ ಕೇಳಿ. ದಾನ ಕೊಡುವವನ ಹತ್ತಿರ ಏನಾದರೂ ಹೆಚ್ಚಿಗೆ ಇರಬೇಕು. ನಾವು ತಲೆಮಾರುಗಳಿಂದ ಕೊಟ್ಟದ್ದಕ್ಕೆ ನಮ್ಮ ಅಜ್ಜಂದಿರು ಇಟ್ಟ ಹೆಸರು ಬಿಟ್ಟಿ.

ಕೆರೆಯನ್ನೇ ನೋಡಿ. ತೂಬು ಎತ್ತುವವನು, ಮಳೆಗಾಲದಲ್ಲಿ ರಾತ್ರಿಯೆಲ್ಲಾ ಏರಿ ಕಾಯುವವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವವನು ನೀರಗಂಟಿ. ನಮ್ಮ ಸೀಮೆಯಲ್ಲಿ ಅವನು ಬಹುಪಾಲು ಕೇರಿಯವನೇ. ಅವನು ಹಂಚಿದ ನೀರಿನ ಭತ್ತ ಊರ ಮನೆಗಳ ಒಳಕ್ಕೆ ಹೋಗುತ್ತಿತ್ತು, ಅವನು ಹೋಗುವಂತಿರಲಿಲ್ಲ. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಚಾಕರಿಗಳನ್ನು ರದ್ದು ಮಾಡಿತು. ಚಾಕರಿ ಹೋಗಲೇಬೇಕಿತ್ತು, ಹೋಯಿತು. ಆದರೆ ಕೆರೆ ಬಲ್ಲವನ ಮಾತಿಗೆ ಜಾಗವೂ ಹೋಯಿತು. 2002ರಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಜಲಸಂವರ್ಧನೆ ಯೋಜನಾ ಸಂಘದವರು ಬಂದರು. ‘ಸಮುದಾಯ ಆಧಾರಿತ ಕೆರೆ ನಿರ್ವಹಣೆ’ ಅಂದರು. ಕೆರೆ ಬಳಕೆದಾರರ ಸಂಘಗಳಾದವು. ಸಮುದಾಯದ ವಂತಿಕೆಯನ್ನು ದುಡ್ಡಿನಲ್ಲೂ ಕೊಡಬಹುದು, ದುಡಿಮೆಯಲ್ಲೂ ಕೊಡಬಹುದು. ಯಾರು ದುಡ್ಡು ಕೊಟ್ಟರು, ಯಾರು ಮಂಕರಿ ಹೊತ್ತರು ಎಂದು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕೇ? ಗದ್ದೆ ಇದ್ದವನು ಬಳಕೆದಾರ. ದನ ತೊಳೆಯುವವನು, ಬಟ್ಟೆ ಒಗೆಯುವವಳು, ಕೋಡಿ ನೀರಿಗೆ ಮನೆ ಕಳೆದುಕೊಳ್ಳುವವನು ಏನು?

ಇದೇ ಕಥೆಯನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಬೆಂಗಳೂರು ಊರಾಯಿತು, ಕೋಲಾರ ಕೇರಿಯಾಯಿತು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧಿ ಮಾಡಿ, ದಿನಕ್ಕೆ 440 ದಶಲಕ್ಷ ಲೀಟರು ಪಂಪು ಮಾಡಿ, 126 ಕೆರೆ ತುಂಬಿಸುತ್ತೇವೆ ಅಂದರು. 2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಜುಲೈನಲ್ಲಿ ನೊರೆ ಬಂತು. ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದ್ದನ್ನು ಕಂಡಿದ್ದ ಜನ ಹೆದರಿದರು. ಹೈಕೋರ್ಟು ತಡೆ ಕೊಟ್ಟಿತು, ತೆಗೆಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಿತು, ಏಪ್ರಿಲಿನಲ್ಲಿ ಬಿಟ್ಟಿತು. ಮೂರನೇ ಹಂತದ ಶುದ್ಧಿ ಮಾಡಿ ಕೊಡಿ ಎಂಬುದು ಹೋರಾಟದವರ ಮಾತು. ಸಾರಜನಕ, ರಂಜಕ ನೀರಿನಲ್ಲಿ ಉಳಿದರೆ ಕೆರೆಗೆ ಅದೇ ಗೊಬ್ಬರ, ಪಾಚಿ ಮತ್ತು ಅಂತರಗಂಗೆ ಅದರ ಬೆಳೆ. ನ್ಯಾಯವಾದ ಮಾತು, ನಾವೂ ದನಿ ಸೇರಿಸುತ್ತೇವೆ. ಬತ್ತಿದ ಬೋರುಗಳಲ್ಲಿ ನೀರು ಏರಿದ್ದೂ ನಿಜ, ಇಲ್ಲವೆನ್ನುವುದಿಲ್ಲ. ಆದರೆ ಕೆರೆಯಿಂದ ನೇರ ನೀರೆತ್ತಬಾರದು, ಅಂತರ್ಜಲಕ್ಕೆ ಮಾತ್ರ ಎಂಬ ನಿಯಮದ ಅರ್ಥ ನೋಡಿ. ಅಂತರ್ಜಲ ಏರಿದರೆ ಬೋರ್‌ವೆಲ್ ಇದ್ದವನಿಗೆ ಟೊಮೇಟೊ. ಭೂಮಿಯೇ ಇಲ್ಲದವನಿಗೆ ಸೊಳ್ಳೆ.

‘ಬೆಂಗಳೂರಿನ ಹೇಲು ನಮಗೇಕೆ?’ ಎಂದು ಮೈಕು ಹಿಡಿದು ಕೇಳಿದಿರಲ್ಲ ಗೌಡರೇ, ರೆಡ್ಡಿಗಳೇ, ನಿಮ್ಮದು ನಮ್ಮ ಕೇರಿಗೇಕೆ? ಆ ಪ್ರಶ್ನೆ ನಿಮ್ಮ ಬಾಯಲ್ಲಿ ಸ್ವಾಭಿಮಾನ, ನಮ್ಮ ಬಾಯಲ್ಲಿ ಜಾತಿವಾದ ಆಗುವುದು ಹೇಗೆ?

ಮಹಾಡಿನಲ್ಲಿ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚೌದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿದರು. ಅವರು ಕೇಳಿದ್ದು ನೀರಿನ ಹಕ್ಕು. ಕೆರೆಯ ಹೂಳೆತ್ತುವ ಹಕ್ಕನ್ನಲ್ಲ, ಅದು ನಮಗೆ ಮೊದಲೇ ಧಾರಾಳವಾಗಿತ್ತು. ಎಪ್ಪತ್ತರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆಯ ಮೇಲಿನ ಮಲದ ಬುಟ್ಟಿ ಇಳಿಸಿದರು. ಇಳಿಸಿದ ಬುಟ್ಟಿ ಪೂರ್ತಿ ಹೋಗಲಿಲ್ಲ. ನಮ್ಮದೇ ಜಿಲ್ಲೆಯ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅದರ ವಿರುದ್ಧ ಬದುಕಿಡೀ ಬಡಿದಾಡಬೇಕಾಯಿತು. 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು. ಗಟಾರದಲ್ಲಿ ಸತ್ತವರ ಮನೆಗೆ 10 ಲಕ್ಷ ಎಂದಿದ್ದ ಸುಪ್ರೀಂ ಕೋರ್ಟು 2023ರಲ್ಲಿ 30 ಲಕ್ಷ ಎಂದಿತು. ಹೆಣದ ಬೆಲೆ ಏರಿದೆ. ಕಟ್ಟಿದ ಪೈಪಿನೊಳಗೆ ವಿಷದ ಗಾಳಿ ಇರುತ್ತದೆ, ಇಳಿದವನು ಹತ್ತುವುದಿಲ್ಲ ಎಂಬುದು ಕಾಫಿ ತಿಂಡಿ ಕೊಡಲು ಬಂದವರಿಗೆ ತಿಳಿಯದ್ದೇನಲ್ಲ.

ಗುದ್ದಲಿ ಹಿಡಿಯಲು ನಮಗೆ ನಾಚಿಕೆಯಿಲ್ಲ. ದಿಬ್ಬದ ಮನೆಯ ಹುಡುಗನೂ ಮೋರಿಯ ದಡಕ್ಕೆ ಬರಲಿ, ನಾವು ಅವನ ಪಕ್ಕ ನಿಲ್ಲುತ್ತೇವೆ. ಕೆಸರಿನೊಳಗಿನ ಕೆಲಸಕ್ಕೆ ಯಂತ್ರ ಬರಲಿ. ನಕ್ಷೆಯಲ್ಲಿರುವ ಅಷ್ಟೂ ಅಗಲಕ್ಕೆ ಹಳ್ಳ ಬಿಡಿಸಲಿ. ಊರ ಮೋರಿ ಹಳ್ಳಕ್ಕೆ ಬೀಳುವ ಮೊದಲು ಸೋಸುವ ಗುಂಡಿ ಊರಿನ ನೆಲದಲ್ಲೇ ಆಗಲಿ, ಕೇರಿಯ ಸ್ಮಶಾನದಲ್ಲಲ್ಲ. ಕೆರೆಯ ಸಭೆಯಲ್ಲಿ ಭೂಮಿಯಿಲ್ಲದವರಿಗೂ ಕುರ್ಚಿ ಹಾಕಿ. ಇಷ್ಟನ್ನೂ ಬರೆದು ಕೊಟ್ಟಿದ್ದೇವೆ, ಹೆಂಗಸರ ಹೆಬ್ಬೆಟ್ಟುಗಳೇ ಅದರಲ್ಲಿ ಹೆಚ್ಚು. ಹಿಂಬರಹ ಬಂದಿದೆ: ‘ಪರಿಶೀಲನೆಯಲ್ಲಿದೆ.’ ಪೈಪು ಕಿತ್ತ ಜಾಗದ ಪಕ್ಕ ಈ ಬೇಸಿಗೆಯಲ್ಲಿ ಮತ್ತೆ ಎರಡು ಲೋಡು ಮಣ್ಣು ಬಂದು ಬಿದ್ದಿದೆ. ಯಾರ ಟ್ರ್ಯಾಕ್ಟರು ಎಂದು ಬರೆದಿಟ್ಟುಕೊಂಡಿದ್ದೇವೆ. ಮುಂದಿನ ಗ್ರಾಮಸಭೆಗೆ ನಕ್ಷೆ ಹಿಡಿದು ಹೋಗುತ್ತೇವೆ, ಅಜ್ಜಿಯೂ ಬರುತ್ತಾಳಂತೆ.