ಬಾಗಿಲು ನೋಡದೆ ಬೀಗ ಮಾರುವವರು



ಮಗುವನ್ನು ಶಾಲೆಗೆ ಸೇರಿಸುವಾಗ ನೀವು ಆಧಾರ್ ಪ್ರತಿ, ಜಾತಿ ಪ್ರಮಾಣಪತ್ರ, ಬ್ಯಾಂಕಿನ ಪಾಸ್‌ಬುಕ್ ಪ್ರತಿ ಕೊಡುತ್ತೀರಿ. ಅವೆಲ್ಲ ಕಂಪ್ಯೂಟರಿಗೆ ಸೇರುತ್ತವೆ. ಆಮೇಲೆ ಎಲ್ಲಿಗೆ ಹೋಗುತ್ತವೆ ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ನಾನು ಕಾಸರಗೋಡಿನ ಕನ್ನಡ ಮಾಧ್ಯಮದ ಒಬ್ಬ ಅಧ್ಯಾಪಕ. ಈಚೆಗೆ ನಮ್ಮ ಶಾಲೆಗೆ ಬಂದ ಮಾರಾಟಗಾರರೊಬ್ಬರು ‘ಮಾಹಿತಿ ಸೋರಿಕೆ ತಡೆಯುವ ತಂತ್ರಾಂಶ ಹಾಕಿಸಿ, ನಿಶ್ಚಿಂತೆಯಿಂದಿರಿ’ ಎಂದರು. ಪೆನ್‌ಡ್ರೈವಿಗೆ ನಕಲಿಸುವುದು, ಮೇಲ್ ಕಳಿಸುವುದು, ಮುದ್ರಿಸುವುದು ಇವನ್ನೆಲ್ಲ ಕಾದು ನೋಡಿ, ಆಧಾರ್ ಸಂಖ್ಯೆಯಂಥದ್ದು ಕಂಡರೆ ತಡೆಯುವುದು ಅದರ ಕೆಲಸ. ಕೆಲಸ ಒಳ್ಳೆಯದೇ. ಆದರೆ ಕನ್ನಡ ವಿಭಾಗದ ಪಾಲಿಗೆ ಬಂದದ್ದು ವಿಂಡೋಸ್ 7ರ ಹಳೆಯ ಯಂತ್ರ. ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿ 14ಕ್ಕೇ ನಿಂತಿದೆ. ತಂತ್ರಾಂಶ ಅದರಲ್ಲಿ ಕೂರಲೇ ಇಲ್ಲ.

ಇದರಲ್ಲಿ ಆಶ್ಚರ್ಯವಿಲ್ಲ. ಕಡತಗಳ ಓಡಾಟವನ್ನು ಕಾಯಬೇಕಾದರೆ ಇಂಥ ತಂತ್ರಾಂಶ ಕಾರ್ಯಾಚರಣ ವ್ಯವಸ್ಥೆಯ ಒಳಹೊಕ್ಕು ಕೂರಬೇಕು. ಆದ್ದರಿಂದ ಅದನ್ನು ಇಂತಿಂಥ ಆವೃತ್ತಿಗೆಂದೇ ಕಟ್ಟಿರುತ್ತಾರೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನು ಕೇಳುತ್ತದೆ. ಹಲವು ಹಳೆಯ ಯಂತ್ರಗಳಲ್ಲಿ ಅದಿಲ್ಲ. ಕೇರಳದ ಶಾಲೆಗಳಿಗೆ ಕೈಟ್ ಸಂಸ್ಥೆ ಕೊಟ್ಟಿರುವ ಗ್ನೂ/ಲಿನಕ್ಸ್‌ನ ಮಾತೆತ್ತಿದರೆ ಆ ಮಾರಾಟಗಾರರಲ್ಲಿ ಉತ್ತರವೇ ಇರಲಿಲ್ಲ.

ಇನ್ನೊಂದು ಮಾತು. ಯಂತ್ರ ಹೊಸದಾದರೂ ಕಾವಲುಗಾರನಿಗೆ ಕನ್ನಡ ಓದಲು ಬರಬೇಡವೇ? ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಟೈಪಿಸಿದ ಕಡತ ನಮಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ‘ಜಾತಿ’ ಎಂಬ ಪದವನ್ನು ಯೂನಿಕೋಡಿನಲ್ಲಿ ಹುಡುಕುವ ನಿಯಮಕ್ಕೆ ಆ ಕಡತದಲ್ಲಿ ಏನೂ ಸಿಗದು. ಇಂಗ್ಲಿಷ್ ಅಂಕಿಗಳನ್ನಷ್ಟೇ ಹುಡುಕುವ ನಿಯಮಕ್ಕೆ ಕನ್ನಡ ಅಂಕಿಯೂ ಕಾಣದು. ಹಣ ಕೊಟ್ಟು ಕುರುಡು ಕಾವಲು ಇಟ್ಟುಕೊಂಡಂತಾಯಿತು!

‘ಕನ್ನಡ ವಿಭಾಗದವರು ಹಿಂದುಳಿದವರು, ಅವರಿಗೆ ಇದೆಲ್ಲ ಯಾಕೆ?’ ಎಂದು ಕೇಳುವವರಿದ್ದಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ. ಮಲಯಾಳ ಮಾಧ್ಯಮದ ಮಗು, ಕನ್ನಡ ಮಾಧ್ಯಮದ ಮಗು ಎಂಬ ಭೇದ ಅದರಲ್ಲಿಲ್ಲ. ಹಳೆಯ ಯಂತ್ರವನ್ನು ನಮಗೆ ದಾಟಿಸಿದವರೇ ನಮ್ಮನ್ನು ಹಿಂದುಳಿದವರೆಂದು ಹಳಿಯುವುದು ಯಾವ ನ್ಯಾಯ?

ರಕ್ಷಕ-ಶಿಕ್ಷಕ ಸಂಘದ ಮುಂದಿನ ಸಭೆಯಲ್ಲಿ ದಯವಿಟ್ಟು ಎದ್ದು ನಿಂತು ಕೇಳಿ. ತಂತ್ರಾಂಶ ಯಾವ ಯಾವ ಆವೃತ್ತಿಯಲ್ಲಿ ನಡೆಯುತ್ತದೆಂದು ಬರಹದಲ್ಲಿ ಕೊಡಲಿ. ಹಣ ಕೊಡುವ ಮೊದಲು ನಮ್ಮದೇ ಕನ್ನಡ ಕಡತದ ಮೇಲೆ ಪರೀಕ್ಷಿಸಿ ತೋರಿಸಲಿ. ಹಳೆಯ ಕಡತಗಳು ಯೂನಿಕೋಡಿಗೆ ಬದಲಾಗಲಿ. ಬೆಂಬಲ ನಿಂತ ಯಂತ್ರದಿಂದ ಮಕ್ಕಳ ದಾಖಲೆ ತೆಗೆಯಲಿ, ಅದರ ಇಂಟರ್ನೆಟ್ ತಂತಿಯನ್ನೂ ಕಳಚಲಿ. ಬೇಡವಾದ ಪ್ರತಿಗಳನ್ನು ಅಳಿಸಲಿ. ಇದಕ್ಕೆ ಖರ್ಚು ಹೆಚ್ಚಿಲ್ಲ, ಮನಸ್ಸು ಬೇಕು.

ಮಕ್ಕಳು ನಿಮ್ಮವರು, ಕಾಗದಪತ್ರವೂ ನಿಮ್ಮದು. ಕೇಳುವ ಹಕ್ಕೂ ನಿಮ್ಮದೇ.