ಕರೆಯದೆ ಬಂದ ಹಕ್ಕಿ

ಪಕ್ಷಿವೀಕ್ಷಣೆಯಲ್ಲಿ ಆಸಕ್ತಿಯುಳ್ಳವರ ನಡುವೆ ಈಚಿನ ವರ್ಷಗಳಲ್ಲಿ ಒಂದು ಪದ್ಧತಿ ಬೇರೂರಿದೆ. ಕಾಡಿನಲ್ಲಿ ಬಯಸಿದ ಹಕ್ಕಿ ಕಾಣದಿದ್ದರೆ, ಅದೇ ಜಾತಿಯ ಕೂಗಿನ ಧ್ವನಿಮುದ್ರಣವನ್ನು ಮೊಬೈಲಿನಿಂದ ನುಡಿಸಿ ಅದನ್ನು ಮರೆಯಿಂದ ಹೊರಡಿಸುವುದು. ಇದರಲ್ಲಿ ತಪ್ಪೇನೆಂದು ಕೇಳುವವರು ಬಹಳ ಮಂದಿ. ನಾನೂ ಒಂದು ಕಾಲದಲ್ಲಿ ಹಾಗೆಯೇ ಕೇಳುತ್ತಿದ್ದೆ. ಈ ಪದ್ಧತಿಯನ್ನು ನಾವು ಕೈಬಿಡಬೇಕೆಂಬ ಅಭಿಪ್ರಾಯಕ್ಕೆ ನಾನು ಹೇಗೆ ಬಂದೆನೆಂಬುದನ್ನು ಹೇಳಬೇಕಾದರೆ, ವಾಚಕರನ್ನು ಸ್ವಲ್ಪ ದೂರ, ಅಮೆರಿಕದ ಅರಿಜೋನ ಸಂಸ್ಥಾನದ ಒಂದು ಕಂದರದವರೆಗೆ, ಕರೆದೊಯ್ಯಬೇಕಾಗಿದೆ.

ಅರಿಜೋನದ ಆಗ್ನೇಯ ಮೂಲೆಯಲ್ಲಿ, ಮೆಕ್ಸಿಕೋ ದೇಶದ ಗಡಿಗೆ ಸಮೀಪವಾಗಿ, ಚಿರಿಕಾವಾ ಎಂಬ ಪರ್ವತಶ್ರೇಣಿಯಿದೆ. ಸುತ್ತಲೂ ಮುಳ್ಳುಕಂಟಿಯ ಮರುಭೂಮಿ, ಒಣಹುಲ್ಲಿನ ಬಯಲು. ಅದರ ನಡುವೆ 9,700 ಅಡಿಗೂ ಮಿಕ್ಕು ಎದ್ದು ನಿಂತ ಬೆಟ್ಟಗಳು. ಸಮುದ್ರದ ನಡುವಣ ದ್ವೀಪದಂತೆ ಬಯಲಿನ ನಡುವೆ ಒಂಟಿಯಾಗಿ ನಿಂತಿರುವುದರಿಂದ ಇಂಥ ಬೆಟ್ಟಗಳನ್ನು ಅಲ್ಲಿಯವರು ‘ಗಗನದ್ವೀಪ’ಗಳೆಂದು ಕರೆಯುತ್ತಾರೆ. ಮೆಕ್ಸಿಕೋದ ಎತ್ತರದ ಕಾಡುಗಳಲ್ಲಿ ವಾಸಿಸುವ ಎಷ್ಟೋ ಪಕ್ಷಿಗಳಿಗೆ ಉತ್ತರ ದಿಕ್ಕಿನ ಕೊನೆಯ ನೆಲೆ ಇವೇ. ಈ ಶ್ರೇಣಿಯ ಪೂರ್ವ ಪಾರ್ಶ್ವವನ್ನು ಸೀಳಿಕೊಂಡು ಹರಿಯುವ ಹೊಳೆ ಕೇವ್ ಕ್ರೀಕ್. ಅದು ಕೊರೆದ ಕಂದರಕ್ಕೂ ಅದೇ ಹೆಸರು. ಕಂದರದ ಬಾಯಲ್ಲಿ ಪೋರ್ಟಲ್ ಎಂಬ ಪುಟ್ಟ ಹಳ್ಳಿ. ಅದಕ್ಕೆ ಕೆಲವು ಮೈಲಿ ಒಳಗೆ, ನ್ಯೂಯಾರ್ಕಿನ ನಿಸರ್ಗೇತಿಹಾಸ ವಸ್ತುಸಂಗ್ರಹಾಲಯದವರು 1955ರಲ್ಲಿ ಸ್ಥಾಪಿಸಿದ ಸಂಶೋಧನಾ ಕೇಂದ್ರ.

ಒಂದು ಮೇ ತಿಂಗಳ ಬೆಳಗಿನ ಐದು ಗಂಟೆಗೆ ನಾವಿಬ್ಬರು ಈ ಕಂದರದ ದಕ್ಷಿಣ ಕವಲನ್ನು ಹೊಕ್ಕೆವು. ಜೊತೆಗಿದ್ದವರು ಅಲ್ಲಿಯ ಹಕ್ಕಿಗಳನ್ನು ಬಹುಕಾಲದಿಂದ ಬಲ್ಲ ಒಬ್ಬ ನಿವೃತ್ತ ಶಿಕ್ಷಕರು. ಹಿಂದಿನ ದಿನ ಬಯಲಿನಲ್ಲಿ ತಡೆಯಲಾರದ ಸೆಕೆಯಿತ್ತು. ಇಲ್ಲಿ ಉಣ್ಣೆಯಂಗಿ ಬೇಕಾಯಿತು. ಎರಡು ಕಡೆಯೂ ಕೆಂಪು ಬಂಡೆಗಳ ಗೋಡೆ. ಎರಡೂವರೆ ಕೋಟಿ ವರ್ಷಗಳಿಗೂ ಹಿಂದೆ ಜ್ವಾಲಾಮುಖಿಗಳು ಉಗುಳಿದ ದ್ರವ್ಯ ಗಟ್ಟಿಯಾಗಿ ಆದ ಶಿಲೆ ಅದು. ಹೊಳೆಯ ಇಕ್ಕೆಲಗಳಲ್ಲಿ ಬಿಳಿ ತೊಗಟೆಯ ಸಿಕಮೋರ್ ಮರಗಳು, ಅವುಗಳ ಹಿಂದೆ ಓಕ್, ಇನ್ನೂ ಮೇಲಕ್ಕೆ ದೇವದಾರುವಿನ ವರ್ಗದ ಸೂಚಿಪರ್ಣಿಗಳು. ಎಲ್ಲಿಯೋ ಎತ್ತರದ ಬಂಡೆಯೊಂದರಿಂದ ಕಂದರದ ರೆನ್ ಹಕ್ಕಿಯ ಹಾಡು ತಾರಸ್ಥಾಯಿಯಲ್ಲಿ ಮೊದಲಾಗಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯಿತು. ಗುಬ್ಬಿಯಷ್ಟು ಗಾತ್ರದ ಈ ಹಕ್ಕಿಯ ಕಂಠ ಇಡೀ ಕಣಿವೆಯನ್ನು ತುಂಬುವುದನ್ನು ಕೇಳಿದಾಗ, ಬಂಡೆಯ ಗೋಡೆಗಳೂ ಅದರ ವಾದ್ಯದ ಭಾಗವೇ ಎನಿಸಿತು.

ನಾವು ಹುಡುಕಿ ಬಂದದ್ದು ಟ್ರೋಗನ್ ಎಂಬ ಹಕ್ಕಿಯನ್ನು. ಗಂಡಿಗೆ ಲೋಹದ ಹೊಳಪಿನ ಹಸಿರು ಬೆನ್ನು, ಕಡುಗೆಂಪು ಹೊಟ್ಟೆ, ಎದೆಗೆ ಅಡ್ಡಲಾಗಿ ಒಂದು ಬಿಳಿಯ ಪಟ್ಟಿ, ಹಳದಿ ಕೊಕ್ಕು. ಉದ್ದ ಸುಮಾರು ಒಂದು ಅಡಿ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಇದು ಗೂಡು ಮಾಡುವುದು ಮುಖ್ಯವಾಗಿ ಈ ಮೂಲೆಯ ಕೆಲವೇ ಕಂದರಗಳಲ್ಲಿ. ನಮಗೆ ಇದು ಪೂರ್ತಿ ಅಪರಿಚಿತವೇನೂ ಅಲ್ಲ. ನಮ್ಮ ಪಶ್ಚಿಮಘಟ್ಟದ ಕಾಕರಣೆ ಹಕ್ಕಿ ಇದರ ವಂಶದ್ದೇ. ಈ ವಂಶದ ಕಾಲನ್ನು ನೋಡಬೇಕು: ಮೊದಲನೆಯ ಹಾಗೂ ಎರಡನೆಯ ಬೆರಳುಗಳು ಹಿಂದಕ್ಕೆ, ಉಳಿದೆರಡು ಮುಂದಕ್ಕೆ. ಮರಕುಟಿಗದಲ್ಲಿಯೂ ಎರಡು ಹಿಂದೆ ಎರಡು ಮುಂದೆ ಇರುವುದಾದರೂ ಅಲ್ಲಿ ಹಿಂದಿರುವುವು ಮೊದಲನೆಯದೂ ನಾಲ್ಕನೆಯದೂ. ಟ್ರೋಗನ್ನಿನ ಈ ಜೋಡಣೆ ಬೇರೆ ಯಾವ ಪಕ್ಷಿವಂಶದಲ್ಲಿಯೂ ಇಲ್ಲ. ಅಮೆರಿಕ, ಆಫ್ರಿಕ, ಏಷ್ಯಗಳಲ್ಲಿ ಹಂಚಿಹೋಗಿರುವ ನೆಂಟರೆಲ್ಲರೂ ಒಂದೇ ಬಗೆಯ ಕಾಲನ್ನು ಉಳಿಸಿಕೊಂಡಿದ್ದಾರೆ. ಸ್ವಭಾವವೂ ಒಂದೇ. ಕೊಂಬೆಯ ಮೇಲೆ ನೆಟ್ಟಗೆ ಅಲುಗಾಡದೆ ಕುಳಿತಿರುವುದು, ಅನುಮಾನ ಬಂದರೆ ಬಣ್ಣದ ಹೊಟ್ಟೆಯನ್ನು ಮರೆಸಿ ಬೆನ್ನು ತಿರುಗಿಸುವುದು. ಹೀಗಾಗಿ ಹತ್ತು ಮಾರು ದೂರದಲ್ಲಿದ್ದರೂ ಕಣ್ಣಿಗೆ ಬೀಳದು. ನೋಡಬಯಸುವವನ ತಾಳ್ಮೆ ಇಲ್ಲಿಯೇ ಸೋಲುವುದು. ಧ್ವನಿಮುದ್ರಣ ಜೇಬಿನಿಂದ ಹೊರಬರುವುದೂ ಇಲ್ಲಿಯೇ.

ಆದರೆ ದಕ್ಷಿಣ ಕವಲಿನಲ್ಲಿ ಅದಕ್ಕೆ ಅವಕಾಶವಿಲ್ಲ. ಅಲ್ಲಿ ಹಕ್ಕಿಗಳ ಕೂಗನ್ನು ನುಡಿಸಿ ಕರೆಯುವುದನ್ನು ಅರಣ್ಯ ಇಲಾಖೆ ನಿಷೇಧಿಸಿದೆ. ಗಡಿಯಾಚೆಯಿಂದ ಏಪ್ರಿಲ್ ತಿಂಗಳಲ್ಲಿ ಬರುವ ಟ್ರೋಗನ್‌ಗೆ ಮೇ, ಜೂನ್ ತಿಂಗಳುಗಳು ಬಿಡುವಿಲ್ಲದ ಕಾಲ. ಇದಕ್ಕೆ ಮರ ಕೊರೆಯುವ ಶಕ್ತಿಯಿಲ್ಲ. ಮರಕುಟಿಗಗಳು ಸಿಕಮೋರ್‌ನಲ್ಲಿ ಕೊರೆದು ಬಿಟ್ಟ ಪೊಟರೆಯೇ ಗೂಡಾಗಬೇಕು. ಅಂಥ ಪೊಟರೆಗಾಗಿ ಬೇರೆ ಹಕ್ಕಿಗಳ ಪೈಪೋಟಿಯೂ ಉಂಟು. ಗಂಡು ತನ್ನ ಎಲ್ಲೆಯನ್ನು ಕೂಗಿ ಸಾರಬೇಕು, ಹೆಣ್ಣನ್ನು ಒಲಿಸಬೇಕು, ಆಮೇಲೆ ಸರದಿಯ ಮೇಲೆ ಕಾವಿಗೂ ಕೂರಬೇಕು. ಇಷ್ಟರ ನಡುವೆ ಪ್ರತಿದಿನ ಹತ್ತಾರು ಜನ ಬಂದು, ಇಲ್ಲದ ಎದುರಾಳಿಯೊಬ್ಬನನ್ನು ಅದರ ಎಲ್ಲೆಯೊಳಗೆ ನಿಲ್ಲಿಸಿ ಹೋದರೆ ಹೇಗೆ?

ಇದು ಬರಿಯ ಭಾವುಕತೆಯ ಮಾತಲ್ಲ. ಕೆನಡಾದಲ್ಲಿ ಚಿಕಡೀ ಎಂಬ ಪುಟ್ಟ ಹಕ್ಕಿಗಳ ಮೇಲೆ ಡೇನಿಯಲ್ ಮೆನಿಲ್ ಹಾಗೂ ಅವರ ಸಹೋದ್ಯೋಗಿಗಳು ನಡೆಸಿದ ಪ್ರಯೋಗದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಈ ಹಕ್ಕಿಗಳ ಗುಂಪಿನಲ್ಲಿ ಗಂಡುಗಳಿಗೆ ಅಂತಸ್ತುಗಳಿವೆ. ಮೇಲಂತಸ್ತಿನ ಗಂಡುಗಳಿಗೆ ಎದುರಾಗಿ, ಬಲಿಷ್ಠ ಪ್ರತಿಸ್ಪರ್ಧಿಯ ಹಾಡಿನಂತೆ ಧ್ವನಿಮುದ್ರಣವನ್ನು ಕೆಲವೇ ನಿಮಿಷಗಳ ಕಾಲ ನುಡಿಸಲಾಯಿತು. ಹಾಡಿನ ಜಗಳದಲ್ಲಿ ಆ ಗಂಡು ಸೋತಂತೆ ತೋರುವುದು ಪ್ರಯೋಗದ ಉದ್ದೇಶ. ಅದರ ಸಂಗಾತಿ ಮರೆಯಿಂದ ಕೇಳಿಸಿಕೊಂಡಿತು! ಆಮೇಲೆ ಮರಿಗಳ ಪಿತೃತ್ವವನ್ನು ಪರೀಕ್ಷಿಸಿದಾಗ, ಸೋತಂತೆ ತೋರಿದ ಗಂಡುಗಳ ಗೂಡುಗಳಲ್ಲಿ ಅನ್ಯಸಂತಾನ ಹೆಚ್ಚಾಗಿದ್ದುದು ಕಂಡುಬಂತು. ಯಂತ್ರದೊಡನೆ ನಡೆದ ಕೆಲವು ನಿಮಿಷದ ಸುಳ್ಳು ಜಗಳ ಒಂದು ಸಂಸಾರದ ಗತಿಯನ್ನೇ ಬದಲಿಸಿತ್ತು. ಚಿಕಡೀಗೆ ನಿಜವಾದದ್ದು ಟ್ರೋಗನ್‌ಗೂ ಯಥಾವತ್ತಾಗಿ ನಿಜವೆಂದು ನಾನು ವಾದಿಸುವುದಿಲ್ಲ. ಆದರೆ, ಒಂದು ಸಲ ನುಡಿಸಿದರೆ ಏನಾದೀತು ಎಂದು ಹಗುರವಾಗಿ ಕೇಳುವವರು ಈ ಪ್ರಯೋಗವನ್ನು ನೆನೆಯಬೇಕು.

ವಿಜ್ಞಾನಿಗಳೂ ಧ್ವನಿಮುದ್ರಣವನ್ನು ಬಳಸುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಬಳಸುತ್ತಾರೆ. 1986ರಲ್ಲಿ ಆಂಧ್ರದ ಕಡಪ ಜಿಲ್ಲೆಯಲ್ಲಿ ಮತ್ತೆ ಪತ್ತೆಯಾದ ಜೆರ್ಡಾನನ ಕೋರ್ಸರ್ ಎಂಬ ನಿಶಾಚರ ಪಕ್ಷಿಯನ್ನು ಮುಂದೆ ಸಂಶೋಧಕರು ಅದರ ಕೂಗನ್ನು ನುಡಿಸಿಯೇ ಹುಡುಕಿದರು. ಎಲ್ಲಿದೆಯೆಂದು ತಿಳಿಯದ ಹಕ್ಕಿಯ ನೆಲೆಯನ್ನು ರಕ್ಷಿಸುವುದು ಹೇಗೆ? ಅಲ್ಲಿ ಹಕ್ಕಿಗೆ ಕೊಟ್ಟ ತೊಂದರೆಯ ಫಲ ಹಕ್ಕಿಗೇ ಸಂದಿತು. ಛಾಯಾಚಿತ್ರಕ್ಕಾಗಿ ಕರೆದಾಗ ಫಲ ಸಲ್ಲುವುದು ಯಾರಿಗೆ?

ನನ್ನ ತಪ್ಪನ್ನೂ ಇಲ್ಲಿ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಕಾಡಿನಲ್ಲಿ ಕಾಕರಣೆಯನ್ನು ನಾನು ಹೀಗೆಯೇ ಕರೆದೆ. ಎರಡನೆಯ ಸಲ ನುಡಿಸುವಷ್ಟರಲ್ಲಿ ಗಂಡು ಬಂತು. ಚಿತ್ರ ಸರಿಯಾಗಿ ಬರಲಿಲ್ಲವೆಂದು ಮೂರನೆಯ ಸಲ, ನಾಲ್ಕನೆಯ ಸಲ ನುಡಿಸಿದೆ. ಗಂಟೆಗಟ್ಟಲೆ ಅಲುಗದೆ ಕೂರುವ ಆ ಹಕ್ಕಿ ಕೊಂಬೆಯಿಂದ ಕೊಂಬೆಗೆ ಹಾರಿತು, ನನ್ನ ತಲೆಯ ಮೇಲಿಂದಲೇ ಎರಡು ಬಾರಿ ಹಾದುಹೋಯಿತು, ಬಾಲವನ್ನು ಅಲ್ಲಾಡಿಸುತ್ತ ಸುತ್ತಲೂ ಹುಡುಕಿತು. ಅದರ ಕೊಕ್ಕಿನಲ್ಲಿ ಒಂದು ಹಸಿರು ಹುಳುವಿತ್ತು. ಅದನ್ನು ಅದು ನುಂಗಲಿಲ್ಲ. ಮರಿಗಳಿಗೆಂದು ಒಯ್ಯುತ್ತಿದ್ದ ಆಹಾರವೆಂಬುದು ನನಗೆ ಹೊಳೆದದ್ದು ಮನೆಗೆ ಬಂದು ಚಿತ್ರವನ್ನು ದೊಡ್ಡದಾಗಿಸಿ ನೋಡಿದಾಗ. ಚಿತ್ರವೇನೋ ಚೆನ್ನಾಗಿ ಬಂದಿದೆ. ಯಾರಿಗೂ ತೋರಿಸುವ ಮನಸ್ಸು ಬಂದಿಲ್ಲ.

ಕೇವ್ ಕ್ರೀಕ್‌ನಲ್ಲಿ ನಾವು ಸುಮಾರು ಐದು ಗಂಟೆಗಳ ಕಾಲ ಕಾದೆವು. ಕಾದ ಹೊತ್ತು ವ್ಯರ್ಥವಾಗಲಿಲ್ಲ. ಓಕ್ ಕಾಯಿಗಳನ್ನು ಒಣಮರದ ಸಾವಿರಾರು ತೂತುಗಳಲ್ಲಿ ಒಂದೊಂದಾಗಿ ಗಿಡಿದು ಕೂಡಿಡುವ ಮರಕುಟಿಗಗಳ ಒಂದು ಕುಟುಂಬ ನಮ್ಮೆದುರಿಗೇ ಇತ್ತು. ಅದರ ಕಣಜದ ಮೇಲೆ ನೀಲಿ ಬಣ್ಣದ ಜೇ ಹಕ್ಕಿಗಳು ಕಣ್ಣು ಹಾಕಿದುವು, ಅಟ್ಟಿಸಿಕೊಂಡುವು, ಮತ್ತೆ ಬಂದುವು. ಬೇಕಾದ ಹಕ್ಕಿಯನ್ನು ಎರಡು ನಿಮಿಷದಲ್ಲಿ ಕರೆದು ನೋಡಿ ಮುಂದಕ್ಕೆ ಹೊರಟಿದ್ದರೆ ಈ ವ್ಯಾಜ್ಯವನ್ನು ನಾವು ಕಾಣುತ್ತಲೇ ಇರಲಿಲ್ಲ.

ಹತ್ತು ಗಂಟೆಯ ಸುಮಾರಿಗೆ, ನಾವು ಬುತ್ತಿ ಬಿಚ್ಚಿ ಕುಳಿತಿದ್ದಾಗ, ಕಪ್ಪೆಯ ವಟಗುಟ್ಟುವಿಕೆಯಂಥ ಒರಟು ದನಿಯೊಂದು ಮೇಲುಗಡೆಯ ಕಾಡಿನಿಂದ ಕೇಳಿಸಿತು. ಶಿಕ್ಷಕರು ರೊಟ್ಟಿಯನ್ನು ಕೆಳಗಿಟ್ಟು ಬೆರಳೆತ್ತಿದರು. ದನಿ ಹತ್ತಿರವಾಯಿತು, ನಿಂತಿತು, ಇನ್ನೊಂದು ಕಡೆಯಿಂದ ಬಂತು. ಆಮೇಲೆ ಏನೂ ಇಲ್ಲ. ತಲೆ ಎತ್ತಿ ನೋಡುವಾಗ ಗಂಡು ಟ್ರೋಗನ್ ನಮ್ಮಿಂದ ಇಪ್ಪತ್ತು ಅಡಿ ದೂರದ ಸಿಕಮೋರ್ ಕೊಂಬೆಯ ಮೇಲೆ ಕುಳಿತಿತ್ತು. ಯಾವಾಗ ಬಂತೋ ತಿಳಿಯದು. ನಮ್ಮನ್ನು ಗಮನಿಸಿದಂತೆಯೂ ಇರಲಿಲ್ಲ. ಕತ್ತನ್ನು ನಿಧಾನವಾಗಿ ತಿರುಗಿಸಿ ಎಲೆಗಳ ನಡುವೆ ನೋಡಿತು, ಗಾಳಿಯಲ್ಲಿ ನಿಂತಂತೆ ಮಾಡಿ ಒಂದು ಹುಳುವನ್ನು ಕಿತ್ತಿತು, ಅದೇ ಕೊಂಬೆಗೆ ಮರಳಿತು. ದುರ್ಬೀನಿನಲ್ಲಿ ಅದರ ಕಣ್ಣಿನ ಸುತ್ತಣ ಕಿತ್ತಳೆಗೆಂಪು ಬಳೆಯೂ ಸ್ಪಷ್ಟವಾಗಿ ಕಂಡಿತು. ಹನ್ನೊಂದು ನಿಮಿಷ ಕುಳಿತಿದ್ದು, ತನಗೆ ಬೇಕಾದ ದಿಕ್ಕಿಗೆ ಹೊರಟುಹೋಯಿತು.

ಕಾಕರಣೆಯ ಆ ಧ್ವನಿಮುದ್ರಣ ಈಗಲೂ ನನ್ನ ಮೊಬೈಲಿನಲ್ಲಿದೆ. ಮಳೆಗಾಲದಲ್ಲಿ ಕಾಡಿಗೆ ಹೋಗಲಾಗದ ದಿನಗಳಲ್ಲಿ ಕಿಟಕಿ ಮುಚ್ಚಿಕೊಂಡು ಒಮ್ಮೊಮ್ಮೆ ಕೇಳುತ್ತೇನೆ.