ಗಲ್ಫಿನ ಹಳೆಯ ಸಾಮಾನು ಮತ್ತು ಕಸ್ಟಮ್ಸಿನ ಹೊಸ ಲೆಕ್ಕ

ವಿದೇಶದಿಂದ ಮರಳುವವರ ಲಗೇಜಿಗೆ ಸಂಬಂಧಿಸಿದ ಹೊಸ ನಿಯಮಗಳು 2026ರ ಫೆಬ್ರವರಿಯಲ್ಲಿ ಜಾರಿಗೆ ಬಂದಿವೆ. 2016ರ ನಿಯಮದಲ್ಲಿ 50,000 ರೂಪಾಯಿ ಇದ್ದ ಸುಂಕರಹಿತ ಮಿತಿ 75,000ಕ್ಕೆ ಏರಿದೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದವರಲ್ಲಿ ಮಹಿಳೆಯರು 40 ಗ್ರಾಂ, ಪುರುಷರು 20 ಗ್ರಾಂ ಒಡವೆ ತರಬಹುದು. ತೂಕದ ಜೊತೆಗೆ ಹಿಂದೆ ಇದ್ದ ಬೆಲೆಯ ಮಿತಿಯನ್ನು ತೆಗೆಯಲಾಗಿದೆ. ಇದು ಬಹಳ ತಡವಾಗಿ ಬಂದ ನ್ಯಾಯ. ಹತ್ತು ಗ್ರಾಂ ಚಿನ್ನ ಒಂದು ಲಕ್ಷ ದಾಟಿದ ಮೇಲೂ, 40 ಗ್ರಾಂ ತರಬಹುದು ಆದರೆ ಅದರ ಬೆಲೆ ಒಂದು ಲಕ್ಷ ಮೀರಬಾರದು ಎಂದು ಹೇಳುವ ನಿಯಮಕ್ಕೆ ಅರ್ಥವೇ ಇರಲಿಲ್ಲ.

ಪತ್ರಿಕೆಗಳು ಇಷ್ಟನ್ನು ಬರೆದು ಸುಮ್ಮನಾದವು. ಆದರೆ ನಮ್ಮ ಕರಾವಳಿಯ ಮನೆಗಳಿಗೆ ಬರುವುದು ಬರೀ ಹೊಸ ಸಾಮಾನಲ್ಲ. ಡ್ರೈವರ್ ಕೆಲಸದವರು, ಮನೆಗೆಲಸದ ಹೆಂಗಸರು, ಸಣ್ಣ ಸಂಬಳದ ಗುಮಾಸ್ತರು ಕುವೈತಿನ ಶುಕ್ರವಾರದ ಸಂತೆಯಲ್ಲೋ, ಊರಿಗೆ ಹೊರಟ ಸಹೋದ್ಯೋಗಿಯಿಂದಲೋ ಹಳೆಯ ಕ್ಯಾಮೆರಾ, ಮೊಬೈಲ್, ಹೊಲಿಗೆ ಯಂತ್ರ ಕೊಳ್ಳುತ್ತಾರೆ. ಅರ್ಧ ಬೆಲೆಗೆ ಒಳ್ಳೆಯ ಸಾಮಾನು ಸಿಗುತ್ತದೆ. ಸಿಗದಿರುವುದು ಬಿಲ್ಲು. ನಮ್ಮ ದೃಷ್ಟಿಯಲ್ಲಿ ಇಡೀ ಸಮಸ್ಯೆಯ ಬೇರು ಇಲ್ಲಿದೆ. ಅಂಗಡಿಯ ಬಿಲ್ಲು ಹಿಡಿದು ಬಂದವನ ಮಾತು ವಿಮಾನ ನಿಲ್ದಾಣದಲ್ಲಿ ನಡೆಯುತ್ತದೆ. ಬಡವನು ಉಳಿತಾಯಕ್ಕಾಗಿ ಕೊಂಡದ್ದನ್ನು ಸಂಶಯದಿಂದ ನೋಡಲಾಗುತ್ತದೆ.

ಇಲ್ಲಿ ಅನೇಕರು ಎಡವುವ ಒಂದು ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು. 1962ರ ಕಸ್ಟಮ್ಸ್ ಕಾಯ್ದೆಯ 79ನೆಯ ವಿಧಿ ಪ್ರಯಾಣಿಕನು ಸ್ವತಃ ಬಳಸಿದ ವಸ್ತುವಿಗೆ ರಿಯಾಯಿತಿ ಕೊಡುತ್ತದೆ. ಬೇರೆ ಯಾರೋ ನಾಲ್ಕು ವರ್ಷ ಬಳಸಿ, ನಾವು ಹೊರಡುವ ಹಿಂದಿನ ವಾರ ಕೊಂಡ ವಸ್ತು 'ಹಳೆಯದು' ನಿಜ, ಆದರೆ ನಾವು ಬಳಸಿದ್ದಲ್ಲ. ಅದು 75,000ದ ಮಿತಿಯ ಲೆಕ್ಕಕ್ಕೆ ಸೇರುತ್ತದೆ. (18 ತುಂಬಿದವರ ಒಂದು ಲ್ಯಾಪ್‌ಟಾಪಿಗೆ ಮಾತ್ರ ಪ್ರತ್ಯೇಕ ವಿನಾಯಿತಿ ಇದೆ.) ಹಾಗಾದರೆ ಅದರ ಬೆಲೆ ಎಷ್ಟು? ಕೊಟ್ಟ ಹಣಕ್ಕೆ ಆಧಾರವಿಲ್ಲದಿದ್ದರೆ ಅಧಿಕಾರಿ ತನಗೆ ಕಂಡ ದರವನ್ನು ಹಿಡಿಯುತ್ತಾನೆ. ಆದ್ದರಿಂದ ಮಾರಿದವರ ಹೆಸರು, ದಿನಾಂಕ, ಕೊಟ್ಟ ಮೊತ್ತ, ವಸ್ತುವಿನ ಸೀರಿಯಲ್ ನಂಬರ್ ಇರುವ ಒಂದು ಕೈಬರಹದ ರಸೀದಿಯಾದರೂ ಇರಲಿ. ಬ್ಯಾಂಕ್ ಮೂಲಕ ಹಣ ಕೊಟ್ಟಿದ್ದರೆ ಇನ್ನೂ ಒಳ್ಳೆಯದು.

ಮೊಬೈಲಿನ ವಿಷಯದಲ್ಲಿ ರಸೀದಿಗೆ ಇನ್ನೊಂದು ಕಾರಣವೂ ಇದೆ. ಕದ್ದ ಮಾಲು ಎಂದು ತಿಳಿದೂ ಕೊಳ್ಳುವುದು ಇಲ್ಲಿ ಭಾರತೀಯ ನ್ಯಾಯ ಸಂಹಿತೆಯ 317ನೆಯ ವಿಧಿಯಂತೆ ಅಪರಾಧ. ಹಣ ಕೊಡುವ ಮೊದಲು ಹಿಂದಿನ ಮಾಲೀಕನ ಖಾತೆಯನ್ನು ಅವನ ಕೈಯಿಂದಲೇ ತೆಗೆಸಬೇಕು. ಇಲ್ಲವಾದರೆ ಊರಿಗೆ ಬಂದ ಮೇಲೆ ಅದು ಬೀಗ ಬಿದ್ದ ಪೆಟ್ಟಿಗೆ, ಕೀಲಿ ಕೈ ಮಾತ್ರ ಶಾರ್ಜಾದಲ್ಲಿ.

ಸರ್ಕಾರದ ಕಡೆಯ ಮಾತನ್ನೂ ಹೇಳಬೇಕು. ಒಂದು ಕಾಲದಲ್ಲಿ ಗಲ್ಫ್ ವಿಮಾನ ಇಳಿದರೆ ಬೆಲ್ಟಿನ ಮೇಲೆ ಟಿವಿ ಪೆಟ್ಟಿಗೆಗಳದ್ದೇ ಸಾಲು. ಅವುಗಳಲ್ಲಿ ಎಲ್ಲವೂ ಮನೆ ಬಳಕೆಗೆ ಬಂದವಲ್ಲ. ರೂಪಾಯಿ ಕುಸಿಯುತ್ತಿದ್ದಾಗ, 2013ರ ಆಗಸ್ಟ್ 26ರಿಂದ, ಫ್ಲಾಟ್ ಟಿವಿಗಳಿಗೆ ಸುಂಕರಹಿತ ಪ್ರವೇಶ ನಿಂತಿತು. ಪೆಟ್ಟಿಗೆಗಳ ಸಾಲೂ ಕರಗಿತು. 2019ರ ಡಿಸೆಂಬರಿನಲ್ಲಿ ಅಂಚೆ ಮತ್ತು ಕೊರಿಯರ್ ಮೂಲಕ 'ಉಡುಗೊರೆ' ಎಂಬ ಹೆಸರಿನಲ್ಲಿ ಬರುತ್ತಿದ್ದ ಸಾಮಾನಿಗಿದ್ದ ವಿನಾಯಿತಿಯೂ ಹೋಯಿತು. ಹಳೆಯ ಕಾರಿನ ಆಸೆಯನ್ನಂತೂ ಬಿಡುವುದೇ ಲೇಸು. ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು, ಮುಂಬೈ ಬಂದರಿನಲ್ಲೇ ಇಳಿಯಬೇಕು. ಗಲ್ಫಿನ ಕಾರುಗಳ ಸ್ಟೀರಿಂಗ್ ಎಡಗಡೆ.

ನಿಜವಾಗಿ ಕಣ್ಣೀರು ಹಾಕಿಸುವುದು ಒಡವೆ. ವರ್ಷಗಟ್ಟಲೆ ಕೊರಳಲ್ಲೇ ಇದ್ದ ಸರವನ್ನು ಹೊಸ ಚಿನ್ನವೆಂದು ಭಾವಿಸಿ ಹಿಡಿದಿಟ್ಟ ಪ್ರಕರಣಗಳು ದೆಹಲಿ ಹೈಕೋರ್ಟಿನ ಮುಂದೆ ಸಾಲುಸಾಲಾಗಿ ಬಂದವು. ಧರಿಸಿ ಬಳಸಿದ ಸ್ವಂತ ಒಡವೆಯನ್ನು ಕಳ್ಳಸಾಗಣೆಯ ಮಾಲಿನಂತೆ ಕಾಣಬಾರದು ಎಂದು 2025ರಲ್ಲಿ ಆ ನ್ಯಾಯಾಲಯ ಮತ್ತೆ ಮತ್ತೆ ಹೇಳಿತು. ನಿಯಮ ಪರಿಶೀಲಿಸಲು ಕಸ್ಟಮ್ಸ್ ಮಂಡಳಿಗೂ ಸೂಚಿಸಿತು. ನಮಗೆ ಇನ್ನೂ ಮುಖ್ಯವಾಗಿ ಕಂಡದ್ದು ಬೇರೆ ಮಾತು. ನೋಟಿಸು ಬೇಡ, ವಿಚಾರಣೆ ಬೇಡ ಎಂದು ಮೊದಲೇ ಮುದ್ರಿಸಿಟ್ಟ ಕಾಗದಕ್ಕೆ ಪ್ರಯಾಣಿಕರ ಸಹಿ ಪಡೆಯುವ ಪದ್ಧತಿಯನ್ನು ನ್ಯಾಯಾಲಯ ಒಪ್ಪಲಿಲ್ಲ. ರಾತ್ರಿ ಎರಡು ಗಂಟೆಗೆ ವಿಮಾನ ಇಳಿದು, ಹೊರಗೆ ಕಾಯುವ ಮಕ್ಕಳ ಯೋಚನೆಯಲ್ಲಿರುವ ತಾಯಿ ಇಂಗ್ಲಿಷ್ ಕಾಗದವನ್ನು ಓದದೆ ಸಹಿ ಹಾಕುವುದು ಸಹಜವೇ. ಆದರೂ ಓದದೆ ಸಹಿ ಬೇಡ. ಹಿಡಿದಿಟ್ಟ ವಸ್ತುವಿಗೆ ತೂಕ ನಮೂದಿಸಿದ ರಸೀದಿ ಕೇಳಿ ಪಡೆಯಿರಿ.

ಮಿತಿ ಮೀರಿದರೆ ಕೆಂಪು ದಾರಿಯಲ್ಲಿ ಹೋಗಿ ತಿಳಿಸುವುದು ಸೋಲಲ್ಲ. ಸುಂಕ ಕಟ್ಟಲು ಹಣವಿಲ್ಲದಿದ್ದರೆ, ಸತ್ಯವಾಗಿ ತಿಳಿಸಿದ ವಸ್ತುವನ್ನು ಕಸ್ಟಮ್ಸ್ ವಶದಲ್ಲೇ ಇರಿಸಿ, ರಜೆ ಮುಗಿಸಿ ಹೊರಡುವಾಗ ಹಿಂದೆ ಪಡೆಯಲು ಅದೇ ಕಾಯ್ದೆಯ 80ನೆಯ ವಿಧಿಯಲ್ಲಿ ಅವಕಾಶವಿದೆ. ಇದನ್ನು ಕೇಳಿದವರಿಗೆ ಮಾತ್ರ ಹೇಳುತ್ತಾರೆ.

ವಾಳೆಯ ಗುರಿಕಾರರಿಗೆ ಒಂದು ವಿನಂತಿ. ನಿಮ್ಮ ವಾಳೆಯಿಂದ ಹೊಸದಾಗಿ ಕೆಲಸಕ್ಕೆ ಹೊರಟವರು ತಾಯಿಯ ಸರ, ಅಜ್ಜಿಯ ಬಳೆ ತೊಟ್ಟು ಹೋಗುವುದಿದ್ದರೆ, ಹೊರಡುವ ದಿನವೇ ವಿಮಾನ ನಿಲ್ದಾಣದ ಕಸ್ಟಮ್ಸಿನವರಿಂದ ರಫ್ತು ಪ್ರಮಾಣಪತ್ರ ಪಡೆಯಲು ತಿಳಿಸಿ. ಮರಳಿ ಬರುವಾಗ ಆ ಒಡವೆಗೆ ಸುಂಕ ಕೇಳುವಂತಿಲ್ಲ. ಅದಕ್ಕಾಗಿ ಒಂದು ಗಂಟೆ ಮೊದಲೇ ನಿಲ್ದಾಣ ತಲುಪಬೇಕು. ಒಡವೆಯ ತೂಕ ಮತ್ತು ಬೆಲೆಯ ಚೀಟಿಯನ್ನು ಊರಿನ ಅಕ್ಕಸಾಲಿಗನಿಂದ ಮಾಡಿಸಿಕೊಂಡು ಹೋದರೆ ಕೆಲಸ ಬೇಗ ಮುಗಿಯುತ್ತದೆ.